ಹಳೇ ಕ್ಯಾಮೆರಾದ ಲೈಟ್ ಮೀಟರಿಗೆ ಇವತ್ತಿನ ಸೆಲ್ ಹೊಂದಿಸುವುದು ಹೇಗೆ?

ಚಿಕ್ಕಪ್ಪನ ಒಲಿಂಪಸ್ ಓಎಂ-1 ನನ್ನ ಕೈಗೆ ಬಂದಾಗ ಅದರಲ್ಲಿ ಸೆಲ್ ಇರಲಿಲ್ಲ. ಅಂಗಡಿಯಲ್ಲಿ ಕ್ಯಾಮೆರಾ ತೋರಿಸಿದೆ. ಗೂಡಿಗೆ ಕೂರುವಂಥ ಒಂದು 1.5 ವೋಲ್ಟಿನ ಸೆಲ್ ಕೊಟ್ಟರು. ಹಾಕಿದೆ, ಬೆಳಕು ಅಳೆಯುವ ಲೈಟ್ ಮೀಟರಿನ ಮುಳ್ಳು ಆಡಿತು. ಎಲ್ಲ ಸರಿಯಾಯ್ತು ಅಂದುಕೊಂಡು ಮೇಲುಕೋಟೆಗೆ ಹೋಗಿ ಕಲ್ಯಾಣಿಯ ಸುತ್ತ ಒಂದು ರೋಲ್ ಪೂರ್ತಿ ತೆಗೆದೆ. ಡೆವಲಪ್ ಆಗಿ ಬಂದ ನೆಗೆಟಿವ್ ತೆಳ್ಳಗಿತ್ತು. ಕಂಬಗಳ ನೆರಳಿರುವ ಕಡೆ ಚಿತ್ರವೇ ಇಲ್ಲ, ಬರೀ ಖಾಲಿ ಪ್ಲಾಸ್ಟಿಕ್. ಶಟರ್ ಸರಿಯಿತ್ತು, ಲೆನ್ಸ್ ಸರಿಯಿತ್ತು. ತಪ್ಪಿದ್ದದ್ದು ಆ ಸೆಲ್‌ನಲ್ಲಿ. ಮೀಟರ್ ಕೇಳಿದ್ದು 1.35 ವೋಲ್ಟ್, ನಾನು ಕೊಟ್ಟಿದ್ದು ಅದಕ್ಕಿಂತ ಜಾಸ್ತಿ.

ಈಗ ತುಂಬ ಜನ ಮನೆಯಲ್ಲಿದ್ದ ಹಳೇ ಫಿಲಂ ಕ್ಯಾಮೆರಾಗಳನ್ನು ಹೊರಗೆ ತೆಗೆಯುತ್ತಿದ್ದಾರೆ. ಒಂದು ರೋಲ್ ಫಿಲಂ, ಅದನ್ನು ತೊಳೆಸುವ ಖರ್ಚು, ಸ್ಕ್ಯಾನ್ ಖರ್ಚು ಎಲ್ಲ ಸೇರಿದರೆ ಕಡಿಮೆ ದುಡ್ಡಲ್ಲ. ಹಾಗಾಗಿ ನನಗೆ ಆದದ್ದು ನಿಮಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಉದಾಹರಣೆಗೆ ಓಎಂ-1 ಇಟ್ಟುಕೊಂಡಿದ್ದೇನೆ. ಆದರೆ ಮಿನೋಲ್ಟಾ ಎಸ್‌ಆರ್‌ಟಿ 101, ಕ್ಯಾನನ್ ಎಫ್‌ಟಿಬಿ, ಕ್ಯಾನೊನೆಟ್ ಕ್ಯೂಎಲ್17, ನಿಕಾರ್ಮ್ಯಾಟ್ ಎಫ್‌ಟಿಎನ್, ರೋಲೈ 35 ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವೆಲ್ಲ ಕುಡಿದು ಬೆಳೆದದ್ದು ಒಂದೇ ಸೆಲ್: ಪಿಎಕ್ಸ್625.

ಆ ಹಳೇ ಸೆಲ್ ಯಾಕೆ ಅಷ್ಟು ಮುಖ್ಯವಾಗಿತ್ತು

ಪಿಎಕ್ಸ್625 ಒಂದು ಪಾದರಸದ ಸೆಲ್. ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಜಾತಿಯ ಸೆಲ್ಲನ್ನು ಬಳಕೆಗೆ ಬರುವ ಹಾಗೆ ಮಾಡಿದರು. ಇದರ ದೊಡ್ಡ ಗುಣ ಒಂದೇ. ಹೊಸದಿದ್ದಾಗ 1.35 ವೋಲ್ಟ್, ಅರ್ಧ ಖಾಲಿಯಾದಾಗಲೂ 1.35 ವೋಲ್ಟ್, ಸಾಯುವ ಮುಂಚಿನವರೆಗೂ ಹೆಚ್ಚುಕಮ್ಮಿ ಅಷ್ಟೇ. ಒಂದು ದಿನ ಥಟ್ಟನೆ ಸತ್ತುಹೋಗುತ್ತಿತ್ತು.

ಕ್ಯಾಮೆರಾ ಕಂಪನಿಗಳು ಇದನ್ನೇ ನಂಬಿಕೊಂಡವು. ಸೆಲ್ಲೇ ಇಷ್ಟು ಸ್ಥಿರವಾಗಿರುವಾಗ ಕ್ಯಾಮೆರಾ ಒಳಗೆ ವೋಲ್ಟೇಜ್ ಹಿಡಿದಿಡುವ ಸರ್ಕ್ಯೂಟ್ ಬೇರೆ ಯಾಕೆ? ಹಾಗಾಗಿ ಒಳಗಿರುವುದು ತುಂಬ ಸರಳ. ಬೆಳಕು ಬಿದ್ದಷ್ಟೂ ತಡೆ ಕಮ್ಮಿಯಾಗುವ ಒಂದು ಕ್ಯಾಡ್ಮಿಯಂ ಸಲ್ಫೈಡ್ ಕಣ್ಣು, ಅದರ ಮೂಲಕ ಹರಿಯುವ ಕರೆಂಟಿಗೆ ತಕ್ಕಂತೆ ಏಳುವ ಒಂದು ಮುಳ್ಳು, ಕೆಲವು ರೆಸಿಸ್ಟರ್. ಅಷ್ಟೇ.

ಈಗ 1.35ರ ಜಾಗದಲ್ಲಿ ಇವತ್ತಿನ ಸಿಲ್ವರ್ ಆಕ್ಸೈಡ್ ಸೆಲ್ಲಿನ 1.55 ವೋಲ್ಟ್ ಕೊಟ್ಟರೆ ಕರೆಂಟ್ ಸುಮಾರು 15 ಶೇಕಡ ಜಾಸ್ತಿ ಹರಿಯುತ್ತದೆ. ಮುಳ್ಳಿಗೆ ಇದು ಸೆಲ್‌ನಿಂದ ಬಂದದ್ದೋ ಬೆಳಕಿನಿಂದ ಬಂದದ್ದೋ ಗೊತ್ತಾಗುವುದಿಲ್ಲ. "ಬೆಳಕು ಜಾಸ್ತಿ ಇದೆ" ಅಂತ ತೋರಿಸುತ್ತದೆ. ನಾವು ಅದನ್ನು ನಂಬಿ ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ, ಕಿರಿದು ಮಾಡುತ್ತೇವೆ. ಫಿಲಂಗೆ ಬೆಳಕು ಸಾಲುವುದಿಲ್ಲ. 15 ಶೇಕಡ ಅಂದರೆ ಸಣ್ಣದು ಅನ್ನಿಸಬಹುದು. ಆದರೆ ಈ ಮೀಟರುಗಳಲ್ಲಿ ಬೆಳಕು ಎರಡು ಪಟ್ಟಾದರೂ ಕರೆಂಟ್ ಎರಡು ಪಟ್ಟಾಗುವುದಿಲ್ಲ, ಕಮ್ಮಿಯೇ ಏರುತ್ತದೆ. ಹಾಗಾಗಿ ಕರೆಂಟಿನಲ್ಲಿ ಆಗುವ ಸಣ್ಣ ವ್ಯತ್ಯಾಸವೇ ಒಂದು ಸ್ಟಾಪಿನಷ್ಟು (ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆದಷ್ಟು) ಕಾಣಿಸಿಕೊಳ್ಳುತ್ತದೆ. ಬೇಜಾರಿನ ವಿಷಯ ಅಂದರೆ ತಪ್ಪು ಆಗುವುದು ಕೆಟ್ಟ ದಿಕ್ಕಿನಲ್ಲಿ. ನೆಗೆಟಿವ್ ಫಿಲಂ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ತಡೆದುಕೊಳ್ಳುವುದಿಲ್ಲ.

ಆ ಪಾದರಸದ ಸೆಲ್ ಮತ್ತೆ ಸಿಗಲಿ ಅಂತ ಹಂಬಲಿಸುವವರನ್ನು ನೋಡಿದ್ದೇನೆ. ನನಗೆ ಆ ಆಸೆ ಇಲ್ಲ. ಅಮೆರಿಕ 1996ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿತು, ಯೂರೋಪಿನಲ್ಲೂ ನಿಂತಿತು. ಪಾದರಸದ ಬಗ್ಗೆ ಆದ ಜಾಗತಿಕ ಒಪ್ಪಂದಕ್ಕೆ ಮಿನಮಾಟ ಅಂತ ಹೆಸರು. ಅದು ಕೊಲ್ಲಿಯ ಮೀನು ತಿಂದು ಜನ ನರಳಿದ ಜಪಾನಿನ ಊರು. ಭಾರತವೂ 2018ರಲ್ಲಿ ಆ ಒಪ್ಪಂದವನ್ನು ಒಪ್ಪಿಕೊಂಡಿದೆ. ಒಂದು ಮುಳ್ಳು ಸರಿಯಾಗಿ ನಿಲ್ಲಲಿ ಅಂತ ಆ ವಿಷ ವಾಪಸ್ ಬರಬೇಕಿಲ್ಲ. ಬೇರೆ ದಾರಿ ಇದೆ.

ಮೊದಲು ನೋಡಿ: ನಿಮ್ಮ ಕ್ಯಾಮೆರಾಗೆ ಇದು ಬೇಕೇ?

ಎಲ್ಲ ಹಳೇ ಕ್ಯಾಮೆರಾಗೂ ಈ ರಿಪೇರಿ ಬೇಡ. ಲೆನ್ಸ್ ಸುತ್ತ ಅಥವಾ ಮೇಲ್ಭಾಗದಲ್ಲಿ ಜೇನುಗೂಡಿನಂತೆ ಉಬ್ಬುಬ್ಬಾದ ಗಾಜು ಇದ್ದರೆ ಅದು ಸೆಲೀನಿಯಂ ಮೀಟರ್. ಒಲಿಂಪಸ್ ಟ್ರಿಪ್ 35, ಜೆನಿಟ್-ಇ ಇಂಥವು. ಇವಕ್ಕೆ ಸೆಲ್ಲೇ ಬೇಕಿಲ್ಲ, ಬೆಳಕಿನಿಂದಲೇ ಕರೆಂಟ್ ಹುಟ್ಟುತ್ತದೆ.

ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ಗೂ ಪಾದರಸದ ಸೆಲ್ಲನ್ನೇ ಹಾಕುತ್ತಿದ್ದರು. ಆದರೆ ಅದರೊಳಗೆ ಬ್ರಿಡ್ಜ್ ಸರ್ಕ್ಯೂಟ್ ಇದೆ. ತಕ್ಕಡಿ ಇದ್ದ ಹಾಗೆ. ಎರಡೂ ತಟ್ಟೆಗೆ ಒಂದೇ ಸೆಲ್‌ನಿಂದ ಕರೆಂಟ್ ಹೋಗುವುದರಿಂದ ವೋಲ್ಟೇಜ್ ಸ್ವಲ್ಪ ಏರಿದರೂ ತೂಕ ಬದಲಾಗುವುದಿಲ್ಲ, ಮುಳ್ಳು ನಡುವೆಯೇ ನಿಲ್ಲುತ್ತದೆ. ಅಳತೆಗೆ ಸರಿಯಾದ ಸಿಲ್ವರ್ ಸೆಲ್ ಹಾಕಿದರೆ ಸಾಕು. ಯಾಶಿಕಾ ಎಲೆಕ್ಟ್ರೋ 35 ಕೂಡ ವೋಲ್ಟೇಜಿಗೆ ಅಷ್ಟು ಸೂಕ್ಷ್ಮ ಅಲ್ಲ. ಮೂಲ 5.6 ವೋಲ್ಟಿನ ಸೆಲ್ ಬದಲು 6 ವೋಲ್ಟಿನದನ್ನು ಅಡಾಪ್ಟರ್ ಜೊತೆ ಹಾಕಿ ಜನ ಆರಾಮಾಗಿ ಬಳಸುತ್ತಿದ್ದಾರೆ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ ಥರದ ಸ್ವಲ್ಪ ಈಚಿನ ಕ್ಯಾಮೆರಾಗಳು ಇವತ್ತಿಗೂ ಸಿಗುವ ಎಸ್‌ಆರ್44, ಎಲ್‌ಆರ್44 ಸೆಲ್ಲಿಗೇ ಮಾಡಿದವು.

ಕ್ಯಾಮೆರಾದ ಮ್ಯಾನ್ಯುಯಲ್ ಹುಡುಕಿ ಓದಿ. "ಪಿಎಕ್ಸ್625", "ಪಿಎಕ್ಸ್13" ಅಥವಾ "1.35 ವಿ" ಅಂತ ಕಂಡರೆ ಮುಂದೆ ಓದಿ.

ಗೂಡು ತೊಳೆಯುವ ಕೆಲಸ

ಹೊಸ ಸೆಲ್ ತರುವ ಮುಂಚೆ ಹಳೇ ಗೂಡು ನೋಡಿ. ಓಎಂ-1ರಲ್ಲಿ ಅದು ತಳದಲ್ಲಿದೆ. ಒಂದು ರೂಪಾಯಿ ನಾಣ್ಯದಿಂದ ಮುಚ್ಚಳ ತಿರುಗಿಸಬಹುದು. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಮುಚ್ಚಳದ ಗೀರು ಕಿತ್ತುಹೋಗುತ್ತದೆ. ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಒತ್ತಿ ತಿರುಗಿಸಿ ನೋಡಿ.

ಒಳಗೆ ಹಳೇ ಪಾದರಸದ ಸೆಲ್ ಇದ್ದರೆ ಅದನ್ನು ಬಿಚ್ಚಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಮೇಲೆ "ಪಾದರಸ" ಅಂತ ಬರೆದು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ. ಸೋರುವುದು ಕ್ಷಾರ. ಹಾಗಾಗಿ ಬಿಳಿ ವಿನೆಗರ್ ಕೆಲಸ ಮಾಡುತ್ತದೆ. ಹತ್ತಿ ಕಡ್ಡಿಯ ತುದಿಗೆ ಒಂದು ತೊಟ್ಟು ಮಾತ್ರ ಹಚ್ಚಿ. ಕ್ಯಾಮೆರಾ ಎತ್ತಿ ಹಿಡಿದು, ಗೂಡಿನ ಬಾಯಿ ನೆಲಕ್ಕೆ ಮಾಡಿಕೊಂಡು ಒರೆಸಿ. ಇಲ್ಲದಿದ್ದರೆ ನೀರು ಒಳಗೆ ಇಳಿಯುತ್ತದೆ. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಇನ್ನೊಂದು ಕಡ್ಡಿ. ಕಲೆ ಹೋಗದಿದ್ದರೆ ಪೆನ್ಸಿಲ್ ರಬ್ಬರನ್ನು ಚೂಪಾಗಿ ಕತ್ತರಿಸಿ ಉಜ್ಜಿ. ಲೋಹ ಹೊಳೆಯುವವರೆಗೆ ಬಿಡಬೇಡಿ. ಮುಳ್ಳು ಒಮ್ಮೆ ಎದ್ದು ಒಮ್ಮೆ ಬೀಳುವ ಎಷ್ಟೋ ಕ್ಯಾಮೆರಾಗಳಿಗೆ ಈ ಒಂದು ಕೆಲಸವೇ ಔಷಧಿ.

ಏನೂ ಬದಲಿಸುವ ಮುಂಚೆ ಅಳೆಯಿರಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 50 ವರ್ಷದ ಮೀಟರ್ ತಪ್ಪು ಹೇಳಲು ಸೆಲ್ ಒಂದೇ ಕಾರಣ ಆಗಬೇಕಿಲ್ಲ. ಮೀಟರಿನ ಬೆಳಕಿನ ಕಣ್ಣು ಮುಪ್ಪಾಗಿರಬಹುದು. ಹಿಂದೆ ಯಾರೋ ಬಿಚ್ಚಿ 1.5 ವೋಲ್ಟಿಗೆ ಹೊಂದಿಸಿರಬಹುದು. ಸುಮ್ನೆ ವೋಲ್ಟೇಜ್ ಇಳಿಸುವ ಡಯೋಡ್ (ಅದರ ಮಾತು ಮುಂದೆ ಬರುತ್ತದೆ) ಹಾಕಿದರೆ ಸರಿಯಿದ್ದ ಮೀಟರನ್ನು ನೀವೇ ಕೆಡಿಸಿದ ಹಾಗಾಗುತ್ತದೆ.

ಅಳೆಯಲು ಬೇಕಾಗುವುದು ಒಂದು ಹೊಸ ಎಸ್‌ಆರ್44 ಸಿಲ್ವರ್ ಸೆಲ್, ಒಂದು ಡಿಜಿಟಲ್ ಕ್ಯಾಮೆರಾ, ಒಂದು ನೋಟ್‌ಬುಕ್. ಡಿಜಿಟಲ್ ಕ್ಯಾಮೆರಾ ಇಲ್ಲದಿದ್ದರೆ ಫೋನಿನ ಲೈಟ್ ಮೀಟರ್ ಆ್ಯಪ್ ಕೂಡ ನಡೆಯುತ್ತದೆ. ಆದರೆ ಅದು ಎಷ್ಟು ಅಗಲದ ಜಾಗ ನೋಡುತ್ತಿದೆ ಅನ್ನುವುದರ ಮೇಲೆ ಕಣ್ಣಿರಲಿ.

ಬಣ್ಣ ಒಂದೇ ಥರ ಇರುವ, ಚಿತ್ರ ಪೋಸ್ಟರ್ ಏನೂ ಇಲ್ಲದ ಗೋಡೆ ಹುಡುಕಿ. ಎರಡೂ ಕ್ಯಾಮೆರಾದಲ್ಲಿ ಐಎಸ್‌ಒ, ಅಂದರೆ ಫಿಲಂ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ, 100 ಇಡಿ. ವ್ಯೂಫೈಂಡರ್ ತುಂಬ ಗೋಡೆಯೇ ಕಾಣಬೇಕು. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಓಎಂ-1ರ ಬೆಳಕಿನ ಕಣ್ಣುಗಳು ಐಪೀಸ್ ಹತ್ತಿರವೇ ಇವೆ. ಹಿಂದಿನಿಂದ ಬಿಸಿಲು ಬಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕಣ್ಣನ್ನು ಒತ್ತಿ ಇಡಿ, ಕನ್ನಡಕ ಇರುವವರು ಕೈ ಅಡ್ಡ ಹಿಡಿಯಿರಿ. ಮುಳ್ಳು ಸರಿಯಾಗಿ ನಡುವೆ ನಿಂತಾಗ ಅಪರ್ಚರ್ ಮತ್ತು ಶಟರ್ ಬರೆದುಕೊಳ್ಳಿ. ಡಿಜಿಟಲ್ ಕ್ಯಾಮೆರಾ ಏನು ಹೇಳುತ್ತದೆ ಅದನ್ನೂ ಪಕ್ಕದಲ್ಲಿ ಬರೆಯಿರಿ.

ಒಂದೇ ಬೆಳಕಿನಲ್ಲಿ ಅಳೆದು ನಿಲ್ಲಿಸಬೇಡಿ. ಕಟು ಬಿಸಿಲು, ಮನೆಯ ನೆರಳು, ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ, ಸಂಜೆ ಒಂದು ಬಲ್ಬಿನ ಬೆಳಕು. ಹೀಗೆ ಐದು ಕಡೆ ಅಳೆಯಿರಿ. ಬಿಸಿಲಿನಿಂದ ಒಳಗೆ ಬಂದ ಮೇಲೆ ಎರಡು ನಿಮಿಷ ಕಾಯಿರಿ. ಈ ಹಳೇ ಕಣ್ಣುಗಳು ನಮ್ಮ ಕಣ್ಣಿನ ಹಾಗೆಯೇ. ಬಿಸಿಲು ನೋಡಿ ಬಂದ ತಕ್ಷಣ ಕತ್ತಲೆಗೆ ಹೊಂದಿಕೊಳ್ಳುವುದಿಲ್ಲ.

ಕಟು ಬಿಸಿಲಿನಲ್ಲಿ ಇನ್ನೊಂದು ಸಾಕ್ಷಿಯೂ ನಿಮ್ಮ ಹತ್ತಿರ ಇದೆ. ಐಎಸ್‌ಒ 100ಕ್ಕೆ ಎಫ್/16 ಅಪರ್ಚರ್ ಮತ್ತು 1/125 ಸೆಕೆಂಡಿನ ಶಟರ್ ಅನ್ನುವ ಹಳೇ ಸ್ಟುಡಿಯೊದವರ ಲೆಕ್ಕ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆ ಮೋಡವಿಲ್ಲದ ಬೆಳಗ್ಗೆ ಹತ್ತು ಹನ್ನೊಂದು ಗಂಟೆಗೆ ಇದು ಚೆನ್ನಾಗಿ ಹೊಂದುತ್ತದೆ. ಮಳೆಗಾಲದಲ್ಲಿ ಇದನ್ನು ನಂಬಬೇಡಿ. ಬಿಳಿ ಗೋಡೆ ನೋಡಿಕೊಂಡು ಇದನ್ನು ಪರೀಕ್ಷಿಸಲೂ ಬೇಡಿ. ಬಿಸಿಲು ಬಿದ್ದ ಹಸಿರು ಹುಲ್ಲು ಅಥವಾ ಹಳೇ ರಸ್ತೆ ನೋಡಿ.

ನನ್ನ ಕ್ಯಾಮೆರಾ ಬಿಸಿಲಿನಲ್ಲಿ ಸುಮಾರು ಒಂದು ಸ್ಟಾಪ್, ಮನೆಯೊಳಗೆ ಒಂದೂವರೆ ಸ್ಟಾಪ್ ತಪ್ಪು ಹೇಳುತ್ತಿತ್ತು. ತಪ್ಪು ಎಲ್ಲ ಬೆಳಕಿನಲ್ಲೂ ಒಂದೇ ಇದ್ದರೆ ನಿಮ್ಮದು ಅದೃಷ್ಟ. ಐಎಸ್‌ಒ ಡಯಲನ್ನು ಅಷ್ಟು ತಗ್ಗಿಸಿದರೆ ಆಯಿತು. 400ರ ಫಿಲಂ ಹಾಕಿ ಡಯಲ್ 200ಕ್ಕೆ ಇಡಿ, ಒಂದು ಸ್ಟಾಪ್ ಸರಿಹೋಗುತ್ತದೆ. ಬೇರೇನೂ ಮಾಡಬೇಡಿ. ಆದರೆ ತಪ್ಪು ಬೆಳಕಿಗೊಂದು ಥರ ಇದ್ದರೆ ಡಯಲ್ ಆಟ ಉಪಯೋಗಕ್ಕೆ ಬರುವುದಿಲ್ಲ, ವೋಲ್ಟೇಜನ್ನೇ ಸರಿಮಾಡಬೇಕು.

ಸೆಲ್ ಕೊಳ್ಳುವಾಗ ಹೆಸರು ನೋಡಿ

ಅಂಗಡಿಯಲ್ಲಿ ಗೊಂದಲ ಆಗುವುದು ಇಲ್ಲಿಯೇ. ಎಸ್‌ಆರ್ ಅಂತ ಶುರುವಾದರೆ ಸಿಲ್ವರ್ ಆಕ್ಸೈಡ್. ಎಲ್‌ಆರ್ ಅಂತ ಶುರುವಾದರೆ ಆಲ್ಕಲೈನ್. ಎಸ್‌ಆರ್44, ಎಲ್‌ಆರ್44 ಎರಡರ ಗಾತ್ರವೂ ಒಂದೇ, 11.6 ಮಿ.ಮೀ. ಅಗಲ, 5.4 ಮಿ.ಮೀ. ದಪ್ಪ. ಗುಣ ಮಾತ್ರ ಬೇರೆ ಬೇರೆ. ಸಿಲ್ವರ್ ಸೆಲ್ 1.55 ವೋಲ್ಟಿನಲ್ಲಿ ಕೊನೆಯವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಆಲ್ಕಲೈನ್ ಹೊಸದರಲ್ಲಿ 1.5ಕ್ಕಿಂತ ಮೇಲಿದ್ದು ದಿನದಿನಕ್ಕೂ ಇಳಿಯುತ್ತಾ ಹೋಗುತ್ತದೆ. ಆಟಿಕೆಗೆ, ಟಾರ್ಚಿಗೆ ಪರವಾಗಿಲ್ಲ. ಮೀಟರಿಗೆ ಅದು ದಿನಕ್ಕೊಂದು ಸುಳ್ಳು ಹೇಳುವ ಸಾಕ್ಷಿ. ಎಜಿ13 ಅಂತ ಬರೆದ ಸೆಲ್ಲೂ ಎಲ್‌ಆರ್44ರ ಇನ್ನೊಂದು ಹೆಸರೇ. ಪಿಎಕ್ಸ್625ಎ ಅಂತ ಒಂದು ಸೆಲ್ ಸಿಗುತ್ತದೆ. ಗೂಡಿಗೆ ಸರಿಯಾಗಿ ಕೂರುತ್ತದೆ, ಹೆಸರೂ ಹೊಂದುತ್ತದೆ. ಕೊನೆಯ ಆ "ಎ" ಅಕ್ಷರ ಆಲ್ಕಲೈನ್ ಅನ್ನುವುದರ ಗುರುತು. ಮೇಲುಕೋಟೆಯ ರೋಲ್ ಹಾಳಾದದ್ದು ಅದರಿಂದಲೇ.

ಇನ್ನೊಂದು ಎಚ್ಚರಿಕೆ. ಗಡಿಯಾರದ ಅಂಗಡಿಯಲ್ಲಿ "625 ಕೊಡಿ" ಅಂದರೆ ಎಷ್ಟೋ ಸಲ 626 ಕೊಡುತ್ತಾರೆ. ಎಸ್‌ಆರ್626 ಕೈಗಡಿಯಾರದ ಸೆಲ್, ಬರೀ 6.8 ಮಿ.ಮೀ. ಅಗಲ. ನಂಬರ್ ಪಕ್ಕಪಕ್ಕ ಇದೆ ಅಂತ ಅವು ನೆಂಟರಲ್ಲ.

ದಾರಿ ಒಂದು: ಕಿವಿಯ ಮೆಷಿನ್ನಿನ ಸೆಲ್

ಕ್ಯಾಮೆರಾ ಬಿಚ್ಚಲು ಮನಸ್ಸಿಲ್ಲದವರಿಗೆ ಇದು ಎಲ್ಲಕ್ಕಿಂತ ಸುಲಭ. ಕಿವಿ ಕೇಳಿಸುವ ಮೆಷಿನ್ನಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ ತನ್ನಿ. ನೀಲಿ ಬಣ್ಣದ ಸ್ಟಿಕರ್ ಇರುತ್ತದೆ. ಹಿಯರಿಂಗ್ ಏಡ್ ಸೆಂಟರ್ ಇರುವ ಯಾವ ಊರಿನಲ್ಲೂ ಸಿಗುತ್ತದೆ. ಇದರ ವೋಲ್ಟೇಜ್ ಸುಮಾರು 1.4, ಕೆಲಸ ಮಾಡುವಾಗ ಸ್ವಲ್ಪ ಇಳಿದು 1.35ಕ್ಕೆ ತುಂಬ ಹತ್ತಿರ ಬರುತ್ತದೆ. ಪಾದರಸದ ಸೆಲ್ಲಿನ ಹಾಗೆಯೇ ಕೊನೆಯವರೆಗೂ ಸಮನಾಗಿ ಇರುತ್ತದೆ.

ಅಗಲ ಮಾತ್ರ ಸಾಲದು. ಹಳೇ ಸೆಲ್ ಸುಮಾರು 15.6 ಮಿ.ಮೀ., ಇದು 11.6. ಸುತ್ತ 2 ಮಿ.ಮೀ. ಜಾಗ ಉಳಿಯುತ್ತದೆ. ನಲ್ಲಿ ಸಾಮಾನಿನ ಅಂಗಡಿಯಲ್ಲಿ 2 ಮಿ.ಮೀ. ದಪ್ಪದ, ಸೆಲ್ಲಿಗೆ ಬಿಗಿಯಾಗಿ ಕೂರುವ ರಬ್ಬರ್ ಓ-ರಿಂಗ್ ತನ್ನಿ. ಸೆಲ್ಲನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೆ ಅಲ್ಲೇ ಹಾಕಿ ನೋಡಬಹುದು. ರಿಂಗನ್ನು ಸೆಲ್ಲಿನ ಸೊಂಟಕ್ಕೆ ಹಾಕಿ ಗೂಡಿಗೆ ಇಳಿಸಿ, ನಡುವೆ ನಿಲ್ಲುತ್ತದೆ.

ದಪ್ಪದಲ್ಲೂ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಕೊರತೆ ಇದೆ. ಒಳಗಿನ ಸ್ಪ್ರಿಂಗ್ ಸಾಮಾನ್ಯವಾಗಿ ಅದನ್ನು ತುಂಬಿಕೊಳ್ಳುತ್ತದೆ. ಮುಟ್ಟದಿದ್ದರೆ ತೆಳು ತಾಮ್ರದ ತಗಡಿನ ಒಂದು ಚಿಕ್ಕ ಬಿಲ್ಲೆ ಕತ್ತರಿಸಿ ಋಣ ತುದಿಯ ಕಡೆ ಇಡಿ. ಬಿಲ್ಲೆ ಸೆಲ್ಲಿನ ಅಂಚು ದಾಟಬಾರದು. ದಾಟಿದರೆ ಧನ ಋಣ ಎರಡೂ ಸೇರಿ ಸೆಲ್ ಶಾರ್ಟ್ ಆಗುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಮಡಚಿಯೂ ಇಡಬಹುದು. ಆದರೆ ಅದು ಸವೆದು ಚೂರಾಗುತ್ತದೆ, ನನಗೆ ಅಷ್ಟು ಇಷ್ಟವಿಲ್ಲ. ಕೆಲವು ಕ್ಯಾಮೆರಾದಲ್ಲಿ ಧನ ಸಂಪರ್ಕ ಗೂಡಿನ ಪಕ್ಕದ ಗೋಡೆಯಲ್ಲಿರುತ್ತದೆ. ಅಂಥದ್ದರಲ್ಲಿ ರಬ್ಬರ್ ರಿಂಗ್ ಅಡ್ಡವಾಗಿ ಮೀಟರ್ ಸುಮ್ಮನಿರುತ್ತದೆ. ಆಗ ರಬ್ಬರ್ ಬದಲು ಹಿತ್ತಾಳೆಯ ರಿಂಗ್ ಬೇಕು.

ಸೆಲ್ಲಿನ ಧನ ಮುಖದ ಮೇಲೆ ಸಣ್ಣ ತೂತುಗಳಿವೆ. ಅಲ್ಲಿಂದ ಗಾಳಿ ಎಳೆದುಕೊಂಡೇ ಇದು ಕೆಲಸ ಮಾಡುವುದು. ಸ್ಟಿಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಹೊರಗೇ ಬಿಡಿ, ಆಮೇಲೆ ಹಾಕಿ. ಮುಚ್ಚಳ ತೀರಾ ಬಿಗಿಯಾಗಿ ಕೂತರೆ ಉಸಿರು ಕಟ್ಟುತ್ತದೆ, ಒಂದು ಕಾಲು ಸುತ್ತು ಸಡಿಲ ಇರಲಿ.

ಇದರ ಕೊರತೆ ಆಯಸ್ಸು. ಒಮ್ಮೆ ಸ್ಟಿಕರ್ ಕಿತ್ತರೆ ಬಳಸಿದರೂ ಬಳಸದಿದ್ದರೂ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಗಾಳಿಯ ತೇವದ ಮೇಲೂ ಹೋಗುತ್ತದೆ. ರಾಯಚೂರಿನ ಬೇಸಿಗೆಯ ಒಣ ಗಾಳಿಯಲ್ಲಿ ಒಳಗಿನ ನೀರು ಆರುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ನೀರು ಎಳೆದುಕೊಳ್ಳುತ್ತದೆ. ಎರಡೂ ಅದಕ್ಕೆ ಒಳ್ಳೆಯದಲ್ಲ. ಸ್ಟಿಕರ್ ಪೂರ್ತಿ ಕೀಳುವ ಬದಲು ಸೂಜಿಯಿಂದ ಒಂದೇ ತೂತಿನ ಮೇಲೆ ಚುಚ್ಚಿದರೆ ಜಾಸ್ತಿ ದಿನ ಬರುತ್ತದೆ. ಮೀಟರಿಗೆ ಬೇಕಾಗುವ ಕರೆಂಟ್ ಅಷ್ಟು ಕಮ್ಮಿ, ಒಂದು ತೂತಿನ ಗಾಳಿ ಸಾಕು. ಆದರೆ ಸ್ಟಿಕರ್ ಉಳಿದ ಕಡೆ ಧನ ಮುಖಕ್ಕೆ ಸಂಪರ್ಕ ತಪ್ಪದಂತೆ ಅಂಚನ್ನು ಕತ್ತರಿಸಿ.

ವೀನ್ ಸೆಲ್ ಅಂತ ಪಿಎಕ್ಸ್625ರ ಆಕಾರದಲ್ಲೇ ಬರುವ ಜಿಂಕ್-ಏರ್ ಕೂಡ ಇದೆ. ಒಳಗಿರುವುದು ಇದೇ ವಿದ್ಯೆ, ಬೆಲೆ ಜಾಸ್ತಿ.

ವರ್ಷಕ್ಕೆ ಎರಡು ರೋಲ್ ತೆಗೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪ್ರವಾಸಕ್ಕೆ ಹೊರಡುವ ದಿನ ಸ್ಟಿಕರ್ ಕೀಳಿ, ಬಂದ ಮೇಲೆ ಸೆಲ್ ತೆಗೆದಿಡಿ.

ದಾರಿ ಎರಡು: ಸಿಲ್ವರ್ ಸೆಲ್, ಜೊತೆಗೆ ಒಂದು ಡಯೋಡ್

ಇದು ನಾನು ನನ್ನ ಕ್ಯಾಮೆರಾಗೆ ಮಾಡಿಕೊಂಡದ್ದು. 1.55 ವೋಲ್ಟಿನ ಸಿಲ್ವರ್ ಸೆಲ್ ಹಾಕಿ, ದಾರಿಯಲ್ಲಿ 0.2 ವೋಲ್ಟ್ ತಿಂದುಹಾಕುವ ಒಂದು ಪುಟ್ಟ ಭಾಗ ಇಟ್ಟರೆ ಮೀಟರಿಗೆ ತಲುಪುವುದು 1.35.

ರೆಸಿಸ್ಟರ್ ಇಟ್ಟರೆ ಆಗದೇ ಅಂತ ಕೇಳಬಹುದು. ಆಗದು. ರೆಸಿಸ್ಟರ್ ಎಷ್ಟು ವೋಲ್ಟ್ ತಿನ್ನುತ್ತದೆ ಅನ್ನುವುದು ಕರೆಂಟಿನ ಮೇಲೆ ನಿಂತಿದೆ. ಬಿಸಿಲಿನಲ್ಲಿ ಕರೆಂಟ್ ಜಾಸ್ತಿ, ಆಗ ಜಾಸ್ತಿ ತಿನ್ನುತ್ತದೆ. ಕತ್ತಲೆಯಲ್ಲಿ ಏನೂ ತಿನ್ನುವುದಿಲ್ಲ. ಡಯೋಡ್ ಹಾಗಲ್ಲ. ಕರೆಂಟ್ ಹತ್ತು ಪಟ್ಟು ಏರಿದರೂ ಅದರ ಇಳಿತ ಬದಲಾಗುವುದು ಸುಮಾರು 0.06 ವೋಲ್ಟ್ ಮಾತ್ರ.

ಆದರೆ ಯಾವ ಡಯೋಡ್ ಆದರೂ ನಡೆಯುವುದಿಲ್ಲ. ರೇಡಿಯೊ ಅಂಗಡಿಯಲ್ಲಿ ಎಲ್ಲ ಕಡೆ ಸಿಗುವ 1ಎನ್4148, 1ಎನ್4007 ಸಿಲಿಕಾನ್ ಡಯೋಡುಗಳು ಈ ಕರೆಂಟಿನಲ್ಲಿ ಅರ್ಧ ವೋಲ್ಟಿನಷ್ಟು ತಿಂದುಬಿಡುತ್ತವೆ. ಬೇಕಾದದ್ದು ಶಾಟ್ಕಿ ಡಯೋಡ್, ಅದರಲ್ಲೂ ಸಣ್ಣ ಕರೆಂಟಿನದು: ಬಿಎಟಿ83, ಬಿಎಟಿ85 ಥರದವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಶಾಟ್ಕಿ ಅಂತ ಕೇಳಿದರೆ ಮೊದಲು ಕೈಗೆ ಬರುವುದು 1ಎನ್5819. ಅದು ಪವರ್ ಸಪ್ಲೈಗೆ ಮಾಡಿದ್ದು. ಈ ಸಣ್ಣ ಕರೆಂಟಿನಲ್ಲಿ ಅದು ತಿನ್ನುವುದು ಸಾಲುವುದಿಲ್ಲ. ಬೇರೇನೂ ಸಿಗದಿದ್ದರೆ ಅದನ್ನೇ ಎರಡು ಸಾಲಾಗಿ ಸೇರಿಸಿ ಪರೀಕ್ಷಿಸಬಹುದು. ನಾಲ್ಕೈದು ಬಗೆಯ ಡಯೋಡ್ ತಂದುಬಿಡಿ. ಅವುಗಳ ಬೆಲೆ ಒಂದು ಕಾಫಿಯಷ್ಟೂ ಆಗುವುದಿಲ್ಲ.

ಈಗ ಮನೆಯಲ್ಲಿ, ಕ್ಯಾಮೆರಾ ಮುಟ್ಟದೆಯೇ, ಡಯೋಡ್ ಆರಿಸಿ. ಒಂದು 10 ಕಿಲೋ ಓಮ್ ರೆಸಿಸ್ಟರ್, ಒಂದು 100 ಕಿಲೋ ಓಮ್ ರೆಸಿಸ್ಟರ್ ಮತ್ತು ಮಲ್ಟಿಮೀಟರ್ ಬೇಕು. ಸೆಲ್ಲಿನ ಧನ ತುದಿಯಿಂದ ಡಯೋಡ್, ಡಯೋಡಿನ ಪಟ್ಟಿ ಇರುವ ತುದಿಯಿಂದ 10 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಸೆಲ್ಲಿನ ಋಣ ತುದಿ. ಹೀಗೆ ಜೋಡಿಸಿ. ಮಲ್ಟಿಮೀಟರನ್ನು ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ. ಈಗ ಹರಿಯುತ್ತಿರುವುದು ಸುಮಾರು 135 ಮೈಕ್ರೋ ಆಂಪ್, ಇದನ್ನು ಬಿಸಿಲಿನ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎಷ್ಟು ವೋಲ್ಟ್ ಬಂತು ಬರೆಯಿರಿ. ನಂತರ 100 ಕಿಲೋ ಓಮ್ ಹಾಕಿ. ಈಗ ಕರೆಂಟ್ ಹತ್ತನೇ ಒಂದು ಭಾಗ, ಇದು ಮನೆಯೊಳಗಿನ ಬೆಳಕಿನ ಲೆಕ್ಕ. ಅದನ್ನೂ ಬರೆಯಿರಿ. ಒಂದರಲ್ಲಿ 1.32, ಇನ್ನೊಂದರಲ್ಲಿ 1.38 ಹೀಗೆ 1.35ರ ಎರಡೂ ಪಕ್ಕ ಬಂದರೆ ಅದೇ ನಿಮ್ಮ ಡಯೋಡ್. ಪುಸ್ತಕದಲ್ಲಿ ಬರೆದ ನಂಬರಿಗಿಂತ ನಿಮ್ಮ ಮೇಜಿನ ಮೇಲೆ ಕಂಡ ನಂಬರನ್ನು ನಂಬಿ. ಒಂದೇ ಹೆಸರಿನ ಡಯೋಡುಗಳಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಇನ್ನು ಕ್ಯಾಮೆರಾ. ಸೆಲ್ ತೆಗೆಯಿರಿ, ರೋಲ್ ಇದ್ದರೆ ಮುಗಿಸಿ ತೆಗೆಯಿರಿ. ತಳದ ತಟ್ಟೆಯ ಸ್ಕ್ರೂ ಬಿಚ್ಚಲು ಜೆಐಎಸ್ ಸ್ಕ್ರೂಡ್ರೈವರ್ ತನ್ನಿ. ಜಪಾನಿನ ಕ್ಯಾಮೆರಾಗಳ ಪ್ಲಸ್ ಗುರುತಿನ ಸ್ಕ್ರೂ ನಾವು ಮನೆಯಲ್ಲಿ ಬಳಸುವ ಫಿಲಿಪ್ಸ್ ತುದಿಗೆ ಪೂರ್ತಿ ಹೊಂದುವುದಿಲ್ಲ, ತಲೆ ಸವೆದುಹೋಗುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಒಂದು ಕಾಗದದ ಮೇಲೆ ತಟ್ಟೆಯ ಚಿತ್ರ ಬರೆದು ಅದೇ ಜಾಗದಲ್ಲಿ ಅಂಟುಪಟ್ಟಿಯಿಂದ ಅಂಟಿಸಿ. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಫೋಟೊ ಇರಲಿ.

ಸೆಲ್ ಗೂಡಿನಿಂದ ಹೊರಡುವ ತಂತಿ ಕಾಣಿಸುತ್ತದೆ. ಅದು ಧನ ಕಡೆಯದೋ ಋಣ ಕಡೆಯದೋ ಬಣ್ಣ ನೋಡಿ ಊಹಿಸಬೇಡಿ. ಹಿಂದೆ ಯಾರಾದರೂ ತಂತಿ ಬದಲಿಸಿರಬಹುದು. ಸೆಲ್ ಹಾಕಿ ಮಲ್ಟಿಮೀಟರಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ, ಮತ್ತೆ ಸೆಲ್ ತೆಗೆಯಿರಿ. ಗೂಡಿನ ತುದಿಯಲ್ಲಿ ತಂತಿಯ ಬೆಸುಗೆ ಬಿಡಿಸಿ, ನಡುವೆ ಡಯೋಡ್ ಸೇರಿಸಿ. ಧನ ತಂತಿಯಾದರೆ ಡಯೋಡಿನ ಪಟ್ಟಿ ಮೀಟರಿನ ಕಡೆ ಇರಬೇಕು. ಋಣ ತಂತಿಯಾದರೆ ಪಟ್ಟಿ ಸೆಲ್ಲಿನ ಕಡೆ. ತಿರುವುಮುರುವಾದರೆ ಏನೂ ಸುಡುವುದಿಲ್ಲ, ಮುಳ್ಳು ಏಳುವುದಿಲ್ಲ ಅಷ್ಟೇ.

25 ವ್ಯಾಟಿನ ಸಣ್ಣ ಸಾಲ್ಡರಿಂಗ್ ಐರನ್ ಸಾಕು. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಡಯೋಡಿನ ಕಾಲನ್ನು ಚಿಮಟದಲ್ಲಿ ಹಿಡಿದರೆ ಬಿಸಿ ಚಿಮಟಕ್ಕೆ ಹೋಗುತ್ತದೆ, ಡಯೋಡ್ ಉಳಿಯುತ್ತದೆ. ಮೊದಲೇ ತಂತಿಗೆ ಪ್ಲಾಸ್ಟಿಕ್ ಸ್ಲೀವ್ ತೂರಿಸಿಕೊಳ್ಳುವುದನ್ನು ಮರೆಯಬೇಡಿ. ಬೆಸುಗೆ ಆದ ಮೇಲೆ ಅದನ್ನು ಎಳೆದು ಮುಚ್ಚಿ. ಡಯೋಡ್ ಎಲ್ಲೂ ಲೋಹಕ್ಕೆ ತಾಗಬಾರದು, ಓಡಾಡುವ ಹಲ್ಲುಚಕ್ರದ ದಾರಿಗೂ ಬರಬಾರದು. ತಟ್ಟೆ ಮುಚ್ಚುವ ಮುಂಚೆ ವೈಂಡ್ ಮಾಡಿ ನಾಲ್ಕು ಸಲ ಶಟರ್ ಹೊಡೆದು ನೋಡಿ.

ಎಸ್‌ಆರ್44 ಕೂಡ 11.6 ಮಿ.ಮೀ. ಅಗಲದ್ದೇ. ಹಾಗಾಗಿ ಜಿಂಕ್-ಏರ್‌ಗೆ ಹೇಳಿದ ಓ-ರಿಂಗ್ ಮಾತು ಇದಕ್ಕೂ ಸೇರಿದ್ದು. ಗಾಳಿಯ ಚಿಂತೆ ಮಾತ್ರ ಇಲ್ಲ.

ಬೆಸುಗೆ ಬೇಡ ಅನ್ನುವವರಿಗೆ ರೆಡಿಮೇಡ್ ಅಡಾಪ್ಟರ್ ಇದೆ. ಜಪಾನಿನ ಕಾಂಟೊ ಕ್ಯಾಮೆರಾದವರ ಎಂಆರ್-9 ಅದರಲ್ಲಿ ಹೆಸರುವಾಸಿ. ಪಿಎಕ್ಸ್625ರ ಆಕಾರದ ಒಂದು ಪುಟ್ಟ ಲೋಹದ ಬಟ್ಟಲು, ವೋಲ್ಟೇಜ್ ಇಳಿಸುವ ಭಾಗ ಅದರೊಳಗೇ ಇದೆ. ಅದಕ್ಕೆ ಎಸ್‌ಆರ್43 ಹಾಕಬೇಕು. ಎಸ್‌ಆರ್44ಕ್ಕಿಂತ ತೆಳು, 4.2 ಮಿ.ಮೀ. ಬೆಲೆ ಕಡಿಮೆಯಲ್ಲ, ಆದರೆ ಒಂದೇ ಅಡಾಪ್ಟರನ್ನು ನಾಲ್ಕು ಕ್ಯಾಮೆರಾಗೆ ಬದಲಿಸಿ ಬದಲಿಸಿ ಹಾಕಬಹುದು. ಒಳಗೆ ಏನೂ ಇಲ್ಲದ ಬರೀ ಹಿತ್ತಾಳೆಯ ರಿಂಗನ್ನೂ "ಅಡಾಪ್ಟರ್" ಅಂತ ಮಾರುತ್ತಾರೆ. ಅದು ಗಾತ್ರ ಸರಿಮಾಡುತ್ತದೆ, ವೋಲ್ಟೇಜ್ ಸರಿಮಾಡುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಮೂರನೇ ದಾರಿಯೂ ಇದೆ. ಒಳ್ಳೇ ಕ್ಯಾಮೆರಾ ಮೆಕ್ಯಾನಿಕ್ ಸಿಕ್ಕರೆ ಒಳಗಿನ ಹೊಂದಾಣಿಕೆಯನ್ನೇ 1.55 ವೋಲ್ಟಿಗೆ ತಿರುಗಿಸಿಕೊಡುತ್ತಾರೆ. ಕ್ಯಾಮೆರಾ ಹೇಗೂ ಸರ್ವಿಸಿಗೆ ಹೋಗುತ್ತಿದ್ದರೆ ಅದನ್ನೂ ಮಾಡಿಸಿಬಿಡಿ.

ಮತ್ತೆ ಅದೇ ಗೋಡೆಯ ಮುಂದೆ

ಯಾವ ದಾರಿ ಹಿಡಿದರೂ ಮೊದಲು ಅಳೆದ ಐದು ಜಾಗಕ್ಕೆ ನೋಟ್‌ಬುಕ್ ಸಮೇತ ವಾಪಸ್ ಹೋಗಿ. ಅರ್ಧ ಸ್ಟಾಪಿನ ಒಳಗೆ ಬಂದರೆ ನೆಗೆಟಿವ್ ಫಿಲಂಗೆ ಧಾರಾಳ ಸಾಕು. ನನ್ನದು ಬಿಸಿಲಿನಲ್ಲಿ ಸರಿಯಾಗಿ ಕೂತಿತು, ಬಲ್ಬಿನ ಬೆಳಕಿನಲ್ಲಿ ಇನ್ನೂ ಕಾಲು ಸ್ಟಾಪಿನಷ್ಟು ಹಿಂದಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಎಲ್ಲ ಕಡೆ ಒಂದೇ ಅಳತೆಯ ತಪ್ಪು ಉಳಿದಿದ್ದರೆ ಅದು ಕಣ್ಣಿನ ಮುಪ್ಪು, ಈಗ ಐಎಸ್‌ಒ ಡಯಲ್ ತಿರುಗಿಸಿ ಸರಿಮಾಡಿಕೊಳ್ಳಿ.

ಓಎಂ-1ರಲ್ಲಿ ಮೀಟರ್ ಸ್ವಿಚ್ ಮೇಲ್ಭಾಗದಲ್ಲಿ, ಎಡಕ್ಕೆ ಇದೆ. ಆಫ್ ಮಾಡುವ ಅಭ್ಯಾಸ ಬೆಳೆಸಿಕೊಳ್ಳಿ. ಸ್ವಿಚ್ ಇಲ್ಲದ ಕ್ಯಾಮೆರಾ ಆದರೆ ಲೆನ್ಸ್ ಮುಚ್ಚಳ ಹಾಕಿಡಿ. ಕತ್ತಲಲ್ಲಿ ಕಣ್ಣಿನ ತಡೆ ಏರುವುದರಿಂದ ಸೆಲ್ ಜಾಸ್ತಿ ದಿನ ಬರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗಿಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಬಟನ್ ಸೆಲ್ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಹಾಗೇನಾದರೂ ಆದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಡಯೋಡ್ ಹಾಕಿದ್ದರೆ ತಳದ ತಟ್ಟೆಯ ಒಳಗೆ ಒಂದು ಸಣ್ಣ ಚೀಟಿ ಅಂಟಿಸಿ, ಇನ್ನೊಂದನ್ನು ಸೆಲ್ ಮುಚ್ಚಳದ ಹತ್ತಿರ. "ಡಯೋಡ್ ಇದೆ, ಎಸ್‌ಆರ್44 ಮಾತ್ರ" ಅಂತ ಬರೆದು ತಾರೀಖು ಹಾಕಿ. ನಾಳೆ ಈ ಕ್ಯಾಮೆರಾ ನಿಮ್ಮ ಮಗಳ ಕೈಗೋ ತಂಗಿಯ ಮಗನ ಕೈಗೋ ಹೋಗುತ್ತದೆ. ಅವರು ಎಲ್ಲೋ ಓದಿ 675 ಜಿಂಕ್-ಏರ್ ಹಾಕಿದರೆ ಮೀಟರಿಗೆ ಬರೀ 1.15 ವೋಲ್ಟ್ ತಲುಪಿ ಮುಳ್ಳು ಈ ಸಲ ಉಲ್ಟಾ ತಪ್ಪು ಹೇಳುತ್ತದೆ. ನನ್ನ ಓಎಂ-1ರ ಚೀಟಿ ಪೆನ್ಸಿಲಿನಲ್ಲಿ ಬರೆದದ್ದು. ಪೆನ್ನಿನ ಇಂಕು ತೇವಕ್ಕೆ ಅಳಿಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ.